ಎರಡು ದಿನ ಊದೋಕ್ಕೆ ಹೋಗ್ಲಿಲ್ಲ ಅಂತ ಜೈಲಾ ಸಾರ್?

ಹೋದ ತಿಂಗಳ ಅಂಕಣದಲ್ಲಿ ಪ್ರೊಬೇಷನ್ ಬಗ್ಗೆ ಎರಡೇ ಎರಡು ಸಾಲು ಬರೆದಿದ್ದೆ, ತಪ್ಪು ಮಾಡಿದೋರನ್ನ ಜೈಲಿಗೆ ಹಾಕದೆ ಒಂದಿಷ್ಟು ಷರತ್ತು ಹಾಕಿ ಹೊರಗೇ ಬಿಡೋ ಪದ್ಧತಿ ಅಂತ, ಅಷ್ಟಕ್ಕೇ ಇಷ್ಟೊಂದು ಕಾಗದ ಬರುತ್ತೆ ಅಂದ್ಕೊಂಡಿರ್ಲಿಲ್ಲ. ಮುಕ್ಕಾಲು ಜನ ಕೇಳಿರೋದು ಒಂದೇ, ಆ ಷರತ್ತು ಮುರಿದ್ರೆ ಏನಾಗುತ್ತೆ ಅಂತ. ಹಾಗಾಗಿ ಈ ಸಲ ಆಸ್ತಿ ಪಾಲು, ಚೆಕ್ ಬೌನ್ಸು ಎಲ್ಲಾ ಪಕ್ಕಕ್ಕಿಟ್ಟು ಇದೊಂದೇ ವಿಷಯ. ಸೈಟಿನ ಖಾತೆ ಬಗ್ಗೆ ಬರೆದೋರು ಮುಂದಿನ ತಿಂಗಳವರೆಗೆ ಸ್ವಲ್ಪ ತಡ್ಕೊಳ್ಳಿ.

ಪ್ರಶ್ನೆ: ಸಾರ್, ನನ್ನ ಮಗ ಅಮೆರಿಕದ ಮಿಷಿಗನ್‌ನಲ್ಲಿ ಕಾರ್ ಕಂಪನೀಲಿ ಇಂಜಿನಿಯರ್. ಹೋದ ವರ್ಷ ಯಾವುದೋ ಪಾರ್ಟಿ ಮುಗಿಸ್ಕೊಂಡು ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದ, ಕೋರ್ಟು ದಂಡ ಹಾಕಿ ಒಂದು ವರ್ಷ ಪ್ರೊಬೇಷನ್ ಕೊಡ್ತು. ಕುಡಿದಿಲ್ಲ ಅಂತ ತೋರಿಸೋಕೆ ದಿನಾ ಬೆಳಿಗ್ಗೆ ಹೋಗಿ ಮೆಷಿನ್‌ಗೆ ಊದಿ ಬರಬೇಕಂತೆ. ನೈಟ್ ಶಿಫ್ಟ್ ಮುಗಿಸಿ ಬಂದು ನಿದ್ದೆ ಹೋಗಿ ಎರಡು ದಿನ ಹೋಗಿಲ್ಲ, ಈಗ ಕೋರ್ಟಿಂದ ಕಾಗದ ಬಂದಿದೆ. ಕುಡಿದಿರ್ಲಿಲ್ಲಮ್ಮ ಅಂತ ನನ್ನ ಮೇಲೆ ಆಣೆ ಇಟ್ಟು ಹೇಳ್ತಾನೆ. ಜೈಲಿಗೆ ಹಾಕ್ತಾರಾ? ಎರಡು ತಿಂಗಳು ಊರಿಗೆ ಬಂದುಬಿಡು ಅಂತ ಹೇಳಲಾ? ನಮ್ಮ ಯಜಮಾನ್ರಿಗೆ ಇನ್ನೂ ವಿಷಯ ಗೊತ್ತಿಲ್ಲ. – ಒಬ್ಬ ತಾಯಿ, ಹಾಸನ

ಉತ್ತರ: ಅಮ್ಮ, ಮೊದ್ಲು ಆ ಕೊನೇ ಯೋಚನೆ ತಲೆಯಿಂದ ತೆಗೆದುಹಾಕಿ. ಊರಿಗೆ ಬಾ ಅಂತ ಅಪ್ಪಿತಪ್ಪಿನೂ ಹೇಳ್ಬೇಡಿ. ಎರಡು ದಿನ ಊದೋಕ್ಕೆ ಹೋಗದೇ ಇದ್ದಿದ್ದು ಸಣ್ಣ ತಪ್ಪು, ಕಾನೂನಿನ ಭಾಷೇಲಿ ಟೆಕ್ನಿಕಲ್ ವಯೊಲೇಷನ್, ಅಂದ್ರೆ ಹೊಸ ಅಪರಾಧ ಏನೂ ಮಾಡಿಲ್ಲ, ಹಾಕಿದ ಷರತ್ತೊಂದು ತಪ್ಪಿದೆ ಅಷ್ಟೇ. ಆದ್ರೆ ಎರಡು ತಿಂಗಳು ಯಾರಿಗೂ ಹೇಳದೆ ಕೇಳದೆ ನಾಪತ್ತೆ ಆದ್ರೆ ಅದು ತಲೆಮರೆಸಿಕೊಂಡಿದ್ದು ಅಂತ ಆಗುತ್ತೆ, ಮಿಷಿಗನ್ ಕಾನೂನು 60 ದಿನ ಅಂತ ಲೆಕ್ಕಾನೂ ಇಟ್ಟಿದೆ, ಆಗ ನಾನೀಗ ಹೇಳೋಕೆ ಹೊರಟಿರೋ ಯಾವ ರಿಯಾಯಿತಿನೂ ಸಿಗಲ್ಲ.

ನಿಮ್ಮ ಪುಣ್ಯಕ್ಕೆ ಮಿಷಿಗನ್ ಈ ವಿಷಯದಲ್ಲಿ ಕಾನೂನು ಬದಲಾಯಿಸಿಕೊಂಡಿರೋ ರಾಜ್ಯ. 2021ರ ಏಪ್ರಿಲ್‌ನಿಂದ ಜಾರಿಗೆ ಬಂದ ತಿದ್ದುಪಡಿ ಪ್ರಕಾರ ನಿಮ್ಮ ಮಗನ ಥರದ ಸಣ್ಣ ಕೇಸಲ್ಲಿ ಮೊದಲನೇ ಸಲ ಷರತ್ತು ತಪ್ಪಿದ್ರೆ ಹೆಚ್ಚು ಅಂದ್ರೆ 5 ದಿನ, ಎರಡನೇ ಸಲಕ್ಕೆ 10, ಮೂರನೇ ಸಲಕ್ಕೆ 15 ದಿನ ಜೈಲು. ದೊಡ್ಡ ಅಪರಾಧದ ಕೇಸಾಗಿದ್ರೆ 15, 30, 45. ಇದು ಮಿತಿ ಅಮ್ಮ, ಇಷ್ಟು ದಿನ ಹಾಕಲೇಬೇಕು ಅಂತಲ್ಲ, ಜಡ್ಜ್ ಬೈದು ಕಳಿಸಿದ್ರೂ ಕಳಿಸಬಹುದು. ಎರಡು ದಿನ ತಪ್ಪಿದ್ದನ್ನ ಒಂದು ತಪ್ಪು ಅಂತ ಎಣಿಸ್ತಾರಾ ಎರಡು ಅಂತಲಾ, ಅದು ಅಲ್ಲಿನ ವಕೀಲರು ವಾದ ಮಾಡಬೇಕಾದ ಜಾಗ. ಇನ್ನೊಂದು, ಇಂಥ ಸಣ್ಣ ತಪ್ಪಿಗೆ ಸೀದಾ ವಾರಂಟ್ ಹೊರಡಿಸಬಾರದು, ಸಾಮಾನ್ಯವಾಗಿ ಸಮನ್ಸ್ ಕೊಟ್ಟೇ ಕರೀಬೇಕು ಅಂತಲೂ ಅಲ್ಲಿ ಬರೆದಿದ್ದಾರೆ, ಹಾಗಾಗಿ ಬಂದಿರೋ ಕಾಗದ ಬಂದು ಕಾರಣ ಹೇಳು ಅನ್ನೋ ಥರದ್ದೇ ಇರಬೇಕು, ಓದಿಸಿ ನೋಡಿ.

ಮಗನಿಗೆ ಹೇಳಬೇಕಾಗಿರೋದು: ಆ ಎರಡು ದಿನದ ಶಿಫ್ಟ್ ರೋಸ್ಟರ್, ಪಂಚ್ ಮಾಡಿರೋ ದಾಖಲೆ ಕಂಪನಿಯಿಂದ ತಗೋಬೇಕು. ಊದೋದು ತಪ್ಪಿದ ದಿನವೇ ಸ್ವಂತ ದುಡ್ಡಲ್ಲಿ ಲ್ಯಾಬಿಗೆ ಹೋಗಿ ಮೂತ್ರ ಪರೀಕ್ಷೆ ಮಾಡಿಸಿದ್ದಿದ್ರೆ ಬಹಳ ಅನುಕೂಲ ಆಗ್ತಿತ್ತು, ಕುಡಿದ ಗುರುತು ಅದರಲ್ಲಿ ಎರಡು ಮೂರು ದಿನ ಸಿಗುತ್ತೆ, ಈಗ ಕಾಲ ಮೀರಿದೆ, ಮುಂದಕ್ಕೆ ನೆನಪಿರಲಿ. ನೈಟ್ ಶಿಫ್ಟ್ ಇರೋ ಮನುಷ್ಯನಿಗೆ ಬೆಳಿಗ್ಗೆ ಟೈಮ್ ಬೇಡ, ಸಂಜೆಗೆ ಬದಲಾಯಿಸಿ ಅಂತ ಕೋರ್ಟನ್ನೇ ಕೇಳ್ಕೊಳ್ಳೋಕೆ ಹೇಳಿ, ತಪ್ಪಿದ ಮೇಲೆ ನೆಪ ಹೇಳೋದಕ್ಕಿಂತ ಇದಕ್ಕೆ ಮರ್ಯಾದೆ ಜಾಸ್ತಿ. ಮತ್ತೆ ಹೌದು ತಪ್ಪು ನಂದೇ ಅಂತ ಕೋರ್ಟಲ್ಲಿ ಒಪ್ಪಿಕೊಳ್ಳೋಕೆ ಮುಂಚೆ ವೀಸಾ ವಿಷಯ ಗೊತ್ತಿರೋ ವಕೀಲರ ಹತ್ರ ಒಂದು ಸಲ ಕೂತು ಮಾತಾಡಲೇಬೇಕು. ಕುಡಿದು ಗಾಡಿ ಓಡಿಸಿ ಅರೆಸ್ಟ್ ಆದೋರ ವೀಸಾ ಸ್ಟಾಂಪನ್ನೇ ರದ್ದು ಮಾಡೋದು ಅಮೆರಿಕ ಸರ್ಕಾರಕ್ಕೆ ರೂಢಿ, ಜೈಲಿಗೆ ಹೋದೋರ ಬೆರಳಚ್ಚು ಕೇಂದ್ರದ ಇಮಿಗ್ರೇಷನ್‌ನೋರ ಕಣ್ಣಿಗೂ ಬೀಳುತ್ತೆ. ಐದು ದಿನದ ಜೈಲಿಗಿಂತ ಇದೇ ದೊಡ್ಡ ತಲೆನೋವು. ಕ್ರಿಮಿನಲ್ ವಕೀಲರು ಗಡೀಪಾರಿನ ಅಪಾಯದ ಬಗ್ಗೆ ಕಕ್ಷಿದಾರನಿಗೆ ಹೇಳಲೇಬೇಕು ಅಂತ ಅಲ್ಲಿನ ಸುಪ್ರೀಂ ಕೋರ್ಟು 2010ರಲ್ಲಿ ಪಡಿಲ್ಲಾ ಕೇಸಲ್ಲಿ ಹೇಳಿದೆ, ಆದ್ರಿಂದ ಕೇಳೋಕೆ ಸಂಕೋಚ ಬೇಡ.

ಯಜಮಾನ್ರಿಗೆ ಇವತ್ತೇ ಹೇಳಿ. ವಕೀಲರ ಫೀಸು ಕಳಿಸೋ ಹೊತ್ತಿಗೆ ಹೆಂಗೂ ಗೊತ್ತಾಗುತ್ತೆ.

ಪ್ರಶ್ನೆ: ನನಗೆ ಗೊತ್ತಿರೋ ಪ್ರೊಬೇಷನ್ ಅಂದ್ರೆ ಸರ್ಕಾರಿ ಕೆಲಸಕ್ಕೆ ಸೇರಿದ ಮೇಲಿನ ಎರಡು ವರ್ಷ. ಇದೂ ಅದೂ ಒಂದೇನಾ? – ಎಫ್‌ಡಿಎ, ತುಮಕೂರು

ಉತ್ತರ: ಹೆಸರು ಒಂದೇ, ಅರ್ಥಾನೂ ಹೆಚ್ಚು ಕಮ್ಮಿ ಒಂದೇ, ಪರೀಕ್ಷೆ ಮಾಡಿ ನೋಡೋ ಕಾಲ. ನಿಮಗೆ ಪಾಸಾಗದಿದ್ರೆ ಕೆಲಸ ಹೋಗುತ್ತೆ, ಅವರಿಗೆ ಜೈಲು. ನಮ್ಮ ಕನ್ನಡ ಕಾನೂನು ಪುಸ್ತಕಗಳಲ್ಲಿ ಇದನ್ನ ಪರಿವೀಕ್ಷಣೆ ಅಂತಾರೆ, ಪ್ರೊಬೇಷನ್ ಆಫೀಸರ್‌ಗೆ ಪರಿವೀಕ್ಷಣಾಧಿಕಾರಿ, ಬರೆದುಕೊಡೋ ಬಾಂಡಿಗೆ ನಮ್ಮ ಹಳೇ ಮುಚ್ಚಳಿಕೆ ಅನ್ನೋ ಪದವೇ ಚೆನ್ನಾಗಿದೆ.

ಇದನ್ನ ಶುರು ಮಾಡಿದ್ದು ಜಡ್ಜೂ ಅಲ್ಲ ವಕೀಲನೂ ಅಲ್ಲ, ಬಾಸ್ಟನ್ನಿನ ಒಬ್ಬ ಬೂಟು ಹೊಲಿಯೋ ಮನುಷ್ಯ, ಜಾನ್ ಅಗಸ್ಟಸ್ ಅಂತ. 1841ರಲ್ಲಿ ಕೋರ್ಟಲ್ಲಿ ಒಬ್ಬ ಕುಡುಕ ನಿಂತಿದ್ದ, ಇವನು ನಾನು ಜಾಮೀನು ನಿಲ್ತೀನಿ ನನ್ನ ಜೊತೆ ಕಳಿಸಿ ಅಂದ, ಮೂರು ವಾರ ಬಿಟ್ಟು ಕರ್ಕೊಂಡು ಬಂದಾಗ ಆ ಮನುಷ್ಯನ ಅವತಾರವೇ ಬದಲಾಗಿತ್ತು, ಜಡ್ಜ್ ಒಂದು ಸೆಂಟ್ ದಂಡ ಹಾಕಿ ಬಿಟ್ಟುಕಳಿಸಿದ್ರು. ಸಾಯೋವರೆಗೆ ಹೀಗೆ ಸುಮಾರು 1,900 ಜನರಿಗೆ ಜಾಮೀನು ನಿಂತನಂತೆ. ಮ್ಯಾಸಚೂಸೆಟ್ಸ್ ಇದನ್ನ ಕಾನೂನು ಮಾಡಿದ್ದು 1878ರಲ್ಲಿ. ಆವತ್ತು ಮೂರು ವಾರ ಇದ್ದಿದ್ದು ಆಮೇಲೆ ಹೆಂಗೆ ಬೆಳೀತು ಅನ್ನೋದೇ ಮುಂದಿನ ಪ್ರಶ್ನೆ.

ಪ್ರಶ್ನೆ: ಸರ್, ನಾ ಧಾರವಾಡದಾಗ ಲಾ ಕಡೇ ವರ್ಷ ಓದಾಕತ್ತೀನ್ರಿ. ಹೊಸಾ ಅಪರಾಧ ಏನೂ ಮಾಡದಿದ್ರೂ ಪ್ರೊಬೇಷನ್ ಷರತ್ತು ಮುರದ್ರ ವರ್ಷಗಟ್ಟಲೆ ಒಳಗ ಹಾಕ್ತಿದ್ರಂತ, ಅಮೆರಿಕದಾಗ ಈಗ ಅದನ್ನ ಸುಧಾರಿಸಾಕತ್ತಾರಂತ. ನಮ್ಮ ಮೂಟ್ ಕೋರ್ಟಿಗೆ, ಅಂದ್ರ ಕಾಲೇಜಿನ ಅಣಕು ಕೋರ್ಟಿಗೆ, ಇದ ವಿಷಯ ಸಿಕ್ಕೈತ್ರಿ. ಖರೇ ಸಮಸ್ಯೆ ಎಲ್ಲೈತಿ, ಏನ ಬದಲ ಮಾಡ್ಯಾರ, ಒಂಚೂರು ಬಿಡಿಸಿ ಹೇಳ್ರಿ. – ವಿದ್ಯಾರ್ಥಿನಿ, ಧಾರವಾಡ

ಉತ್ತರ: ನೋಡಮ್ಮ, ಒಳ್ಳೇ ವಿಷಯ ಸಿಕ್ಕಿದೆ, ಸ್ವಲ್ಪ ಉದ್ದ ಬರೀತೀನಿ.

ಮೊದ್ಲು ಷರತ್ತುಗಳು ಎಂಥವು ಅಂತ ನೋಡು. ತಿಂಗಳಿಗೆ ಇಷ್ಟು ಸಲ ಆಫೀಸರ್ ಮುಂದೆ ಹಾಜರಿ, ಮನೆ ಬದಲಾಯಿಸಿದ್ರೆ ತಿಳಿಸಬೇಕು, ಪರ್ಮಿಷನ್ ಇಲ್ದೆ ರಾಜ್ಯ, ಎಷ್ಟೋ ಕಡೆ ಜಿಲ್ಲೆ ಕೂಡ ದಾಟಂಗಿಲ್ಲ, ಕುಡಿಯಂಗಿಲ್ಲ, ರಾತ್ರಿ ಇಷ್ಟೊತ್ತಿಗೆ ಮನೇಲಿರಬೇಕು, ಕೆಲಸದಲ್ಲಿರಬೇಕು, ಫೀಸು ಕಟ್ಟಬೇಕು. ಇದರಲ್ಲಿ ಒಂದಾದ್ರೂ ನೀನೋ ನಾನೋ ತಪ್ಪಿದ್ರೆ ಅಪರಾಧನಾ? ಅಲ್ಲ. ಆದ್ರೆ ಅವರಿಗೆ ಇದರಲ್ಲಿ ಒಂದು ತಪ್ಪಿದ್ರೂ ಜೈಲಿನ ಬಾಗಿಲು ತೆಗೆಯುತ್ತೆ. ಅಮೆರಿಕದಲ್ಲಿ ಪ್ರೊಬೇಷನ್ ಮೇಲಿರೋರು ಸುಮಾರು 30 ಲಕ್ಷ ಜನ. ಕೌನ್ಸಿಲ್ ಆಫ್ ಸ್ಟೇಟ್ ಗವರ್ನಮೆಂಟ್ಸ್ ಅನ್ನೋ ಸಂಸ್ಥೆಯೋರು 2019ರಲ್ಲಿ ಲೆಕ್ಕ ಹಾಕಿದಾಗ ರಾಜ್ಯಗಳ ಜೈಲಿಗೆ ಹೊಸದಾಗಿ ಸೇರೋರಲ್ಲಿ 100ಕ್ಕೆ 45 ಜನ ಪ್ರೊಬೇಷನ್ ಅಥವಾ ಪೆರೋಲ್ ಷರತ್ತು ಮುರಿದು ಬಂದೋರು, ಆ 45 ಜನರಲ್ಲೂ 25 ಜನ ಬರೀ ಟೆಕ್ನಿಕಲ್ ತಪ್ಪಿನೋರು. ಷರತ್ತು ಮುರಿದೋರನ್ನ ಜೈಲಲ್ಲಿ ಸಾಕೋ ಖರ್ಚು ವರ್ಷಕ್ಕೆ 930 ಕೋಟಿ ಡಾಲರ್, ರೂಪಾಯಿ ಅಲ್ಲ. ಜೈಲು ತುಂಬಬಾರದು ಅಂತ ಮಾಡಿದ ಪದ್ಧತಿನೇ ಜೈಲು ತುಂಬಿಸ್ತಿದೆ ಅಂತ ಗೊತ್ತಾದ ಮೇಲೆನೇ ಅಲ್ಲಿನ ಎರಡೂ ರಾಜಕೀಯ ಪಕ್ಷದೋರು ಕೂತು ಮಾತಾಡಿದ್ದು, ಕರುಣೆಗಿಂತ ಖರ್ಚೇ ಹೆಚ್ಚು ಕೆಲಸ ಮಾಡಿದೆ ಅಂತ ನನ್ನ ಅನಿಸಿಕೆ.

ಇಲ್ಲಿ ಪೆರೋಲ್ ಅಂದ್ರೆ ನಮ್ಮಲ್ಲಿ ಅಮ್ಮನ ತಿಥಿಗೆ ಮಗಳ ಮದುವೆಗೆ ಅಂತ ಹದಿನೈದು ದಿನ ಬಿಡ್ತಾರಲ್ಲ ಅದಲ್ಲ, ಶಿಕ್ಷೆ ಸ್ವಲ್ಪ ಅನುಭವಿಸಿದ ಮೇಲೆ ಉಳಿದಿದ್ದನ್ನ ಹೊರಗೆ ಷರತ್ತಿನ ಮೇಲೆ ಕಳೆಯೋದು. ಮೂಟ್‌ನಲ್ಲಿ ಇದನ್ನ ಕಲಸಿಬಿಟ್ಟೀಯ ಹುಷಾರು, ತೀರ್ಪುಗಾರರು ಮೊದಲು ಹಿಡಿಯೋದೇ ಅದನ್ನ.

ಇನ್ನು ವಿಚಾರಣೆ ಹೆಂಗಿರುತ್ತೆ? ಜ್ಯೂರಿ ಇಲ್ಲ. ಸಂಶಯಕ್ಕೆ ಎಡೆಯಿಲ್ಲದ ಹಾಗೆ ಸಾಬೀತು ಮಾಡಬೇಕಾಗೂ ಇಲ್ಲ, ತಪ್ಪಿರಬಹುದು ಅನ್ನೋ ಕಡೆಗೆ ತಕ್ಕಡಿ ಸ್ವಲ್ಪ ವಾಲಿದ್ರೆ ಸಾಕು. 1973ರ ಗ್ಯಾಗ್ನನ್ ವರ್ಸಸ್ ಸ್ಕಾರ್ಪೆಲ್ಲಿ ತೀರ್ಪು ಎರಡು ಹಂತದ ವಿಚಾರಣೆ ಆಗಲೇಬೇಕು ಅಂತು, ಆದ್ರೆ ವಕೀಲರನ್ನ ಎಲ್ಲಾ ಕೇಸಿಗೂ ಕೊಡಲೇಬೇಕು ಅನ್ನಲಿಲ್ಲ, ಕೇಸು ನೋಡಿಕೊಂಡು ಅಂತು. ಇದರ ಮೇಲೆ ಪೆನ್ಸಿಲ್ವೇನಿಯಾ ಥರದ ರಾಜ್ಯಗಳಲ್ಲಿ ಪ್ರೊಬೇಷನ್ನಿಗೆ ಪ್ರತ್ಯೇಕ ಮಿತಿನೇ ಇರಲಿಲ್ಲ, ಆ ಅಪರಾಧಕ್ಕೆ ಎಷ್ಟು ವರ್ಷ ಜೈಲು ಇದೆಯೋ ಅಷ್ಟು ವರ್ಷ ಹಾಕಬಹುದಿತ್ತು, ಒಂದರ ಹಿಂದೆ ಒಂದು ಪೋಣಿಸಲೂಬಹುದಿತ್ತು. ತಪ್ಪಿದಾಗೆಲ್ಲಾ ಮತ್ತೆ ಮೊದಲಿಂದ. ಹಗ್ಗ ಉದ್ದ ಆದಷ್ಟೂ ಎಡವೋದು ಜಾಸ್ತಿ ಅಲ್ವಾ.

ಇದಕ್ಕೆ ದೇಶಕ್ಕೆಲ್ಲಾ ಗೊತ್ತಾದ ಉದಾಹರಣೆ ಫಿಲಡೆಲ್ಫಿಯಾದ ರ‍್ಯಾಪ್ ಗಾಯಕ ಮೀಕ್ ಮಿಲ್. ಹುಡುಗ ಇದ್ದಾಗ ಗನ್ನು, ಡ್ರಗ್ಸ್ ಕೇಸಲ್ಲಿ 2008ರಲ್ಲಿ ತಪ್ಪಿತಸ್ಥ ಅಂತ ತೀರ್ಪಾಗಿತ್ತು. 2017ರಲ್ಲಿ, ಅಂದ್ರೆ ಹತ್ತಿರ ಹತ್ತು ವರ್ಷ ಆದಮೇಲೆ, ಅದೇ ಪ್ರೊಬೇಷನ್ ಮುರಿದ ಅಂತ 2ರಿಂದ 4 ವರ್ಷ ಜೈಲು. ಏನು ಮುರಿದಿದ್ದ? ನ್ಯೂಯಾರ್ಕ್ ರಸ್ತೇಲಿ ಬೈಕಿನ ಮುಂದಿನ ಚಕ್ರ ಎತ್ತಿ ವೀಲಿ ಮಾಡಿದ್ದ, ಏರ್‌ಪೋರ್ಟಲ್ಲಿ ಜಗಳ ಆಗಿತ್ತು, ಈ ಎರಡೂ ಕೇಸು ಬಿದ್ದುಹೋಗಿದ್ವು, ಜೊತೆಗೆ ಒಂದು ಡ್ರಗ್ ಟೆಸ್ಟು, ಪರ್ಮಿಷನ್ ಇಲ್ಲದ ಪ್ರಯಾಣ. ನಮ್ಮ ಬೆಂಗಳೂರಲ್ಲಿ ನೈಸ್ ರೋಡಲ್ಲಿ ವೀಲಿ ಮಾಡೋ ಹುಡುಗರ ಮೇಲೆ ನನಗೂ ಸಿಟ್ಟಿದೆ, ಆದ್ರೂ ನಾಲ್ಕು ವರ್ಷ? ಸರ್ಕಾರಿ ವಕೀಲರೇ ಜೈಲು ಬೇಡ ಅಂದಿದ್ರು, ಜಡ್ಜ್ ಕೇಳಲಿಲ್ಲ. 2018ರ ಏಪ್ರಿಲ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಬಿಡಿಸ್ತು, 2019ರಲ್ಲಿ ಹಳೇ ಶಿಕ್ಷೆಯೇ ರದ್ದಾಯ್ತು, 2023ರ ಜನವರಿಯಲ್ಲಿ ಗವರ್ನರ್ ಕ್ಷಮಾದಾನ ಕೊಟ್ರು. ಅವನಿಗೆ ದುಡ್ಡಿತ್ತು, ಹೆಸರಿತ್ತು, ಕೋರ್ಟಿನ ಹೊರಗೆ ಜನ ಸೇರಿದ್ರು. ಇಲ್ಲದೋರ ಗತಿ?

ಮೂಟ್‌ಗೆ ನಿನಗೆ ಬೇಕಾದ ತೀರ್ಪು ಅದೇ ಪೆನ್ಸಿಲ್ವೇನಿಯಾದ್ದು, 2019ರ ಕಾಮನ್‌ವೆಲ್ತ್ ವರ್ಸಸ್ ಫಾಸ್ಟರ್. ಪ್ರೊಬೇಷನ್ ಮೇಲಿದ್ದವನೊಬ್ಬ ಗನ್ನು, ಡ್ರಗ್ಸು, ನೋಟಿನ ಕಂತೆ ಇರೋ ಫೋಟೋಗಳನ್ನ ಸೋಶಿಯಲ್ ಮೀಡಿಯಾದಲ್ಲಿ ಹಾಕಿದ್ದ, ಇವನಿಗೆ ಬುದ್ಧಿ ಬಂದಿಲ್ಲ ಅಂತ ಕೆಳಗಿನ ಕೋರ್ಟು ಪ್ರೊಬೇಷನ್ ಕಿತ್ತು ಜೈಲಿಗೆ ಕಳಿಸ್ತು. ಮೇಲಿನ ಕೋರ್ಟು ಕೇಳಿದ್ದು, ಬರೆದಿಟ್ಟ ಷರತ್ತಲ್ಲಿ ಯಾವುದನ್ನ ಮುರಿದ ತೋರಿಸಿ, ಇಲ್ಲಾ ಹೊಸ ಅಪರಾಧ ತೋರಿಸಿ. ಎರಡೂ ಇಲ್ಲ ಅಂದ್ರೆ ರದ್ದು ಮಾಡೋ ಅಧಿಕಾರವೇ ಇಲ್ಲ. ಮನುಷ್ಯನ ಮನಸ್ಸು ತಿದ್ದಿಲ್ಲ ಅನ್ನೋದು ಕಾರಣ ಆಗಲ್ಲ ಅಂತ.

ಆಮೇಲೆ ಬಂದಿದ್ದು ಕಾನೂನು, 2023ರ 44ನೇ ಆಕ್ಟ್, ಡಿಸೆಂಬರ್‌ನಲ್ಲಿ ಗವರ್ನರ್ ಜೋಶ್ ಶಪೀರೋ ಸಹಿ ಹಾಕಿದ್ರು, ಮಾರನೇ ವರ್ಷ ಜೂನ್‌ನಿಂದ ಜಾರಿ. ಟೆಕ್ನಿಕಲ್ ತಪ್ಪಿಗೆ ಜೈಲು ಬೇಡ ಅನ್ನೋದೇ ಮೂಲ ನಿಯಮ, ಹಾಕಲೇಬೇಕಾದ್ರೆ ಮೊದಲನೇ ಸಲ 14 ದಿನಕ್ಕೆ ಮೇಲಿಲ್ಲ, ಎರಡನೇ ಸಲ 30 ದಿನಕ್ಕೆ ಮೇಲಿಲ್ಲ. ಸಣ್ಣ ಕೇಸಾದ್ರೆ ಎರಡು ವರ್ಷಕ್ಕೆ, ದೊಡ್ಡದಾದ್ರೆ ನಾಲ್ಕು ವರ್ಷಕ್ಕೆ, ಇಲ್ಲಾ ಅರ್ಧ ಅವಧಿಗೆ, ಯಾವುದು ಮೊದಲೋ ಆಗ ಇವನ ಪ್ರೊಬೇಷನ್ ಮುಗಿಸಬಹುದಾ ಅಂತ ಕೂತು ನೋಡಲೇಬೇಕು. ಎಲ್ಲರೂ ಚಪ್ಪಾಳೆ ತಟ್ಟಿಲ್ಲ, ನಾಗರಿಕ ಹಕ್ಕಿನ ಪರ ಇರೋ ಎಸಿಎಲ್‌ಯುನ ಪೆನ್ಸಿಲ್ವೇನಿಯಾ ಶಾಖೆಯೋರೇ ಈ ಮಸೂದೆನ ವಿರೋಧಿಸಿದ್ರು. ಮಿತಿ ಅಂತ ಹೇಳಿ ಪಕ್ಕದಲ್ಲೇ ಹೊರತು, ಹೊರತು ಅಂತ ಪಟ್ಟಿ ಇಟ್ಟಿದ್ದಾರೆ, ಆಯುಧ, ಹಲ್ಲೆ, ಲೈಂಗಿಕ ಸ್ವರೂಪದ್ದು, ತಲೆಮರೆಸಿಕೊಂಡಿದ್ದು ಹೀಗೆ. ಪಟ್ಟಿ ಓದಿದ್ರೆ ಕೆಲವು ಸರಿ ಅನ್ಸುತ್ತೆ, ಆದ್ರೆ ಪಟ್ಟಿ ಉದ್ದ ಆದಷ್ಟೂ ಆಫೀಸರ್ ರಿಪೋರ್ಟ್ ಬರೆಯೋವಾಗ ತಪ್ಪನ್ನ ಅದರೊಳಗೇ ತುರುಕೋದು ಸುಲಭ ಆಗುತ್ತೆ.

ಕ್ಯಾಲಿಫೋರ್ನಿಯಾ ಬೇರೆ ದಾರಿ ಹಿಡೀತು, 2021ರ ಜನವರಿಯಿಂದ ಪ್ರೊಬೇಷನ್ನನ್ನೇ ಕಮ್ಮಿ ಮಾಡ್ತು, ಸಣ್ಣ ಅಪರಾಧಕ್ಕೆ ಒಂದು ವರ್ಷ, ದೊಡ್ಡದಕ್ಕೆ ಎರಡು ವರ್ಷ, ಕೆಲವು ಘೋರ ಅಪರಾಧ ಬಿಟ್ಟು. ಹಗ್ಗವನ್ನೇ ಗಿಡ್ಡ ಮಾಡಿದ್ರು.

ಈಗ ನನ್ನ ಮಾತು. ನೀನು ಮೂಟ್‌ನಲ್ಲಿ 5 ದಿನ 14 ದಿನ 30 ದಿನ ಅಂತ ಈ ಮಿತಿಗಳನ್ನೇ ಹಿಡ್ಕೊಂಡು ವಾದ ಮಾಡೋಕೆ ಹೋಗ್ತೀಯ, ಎಲ್ಲರೂ ಅದೇ ಮಾಡೋದು. ನಾನು ಕೇಳೋ ಪ್ರಶ್ನೆ ಬೇರೆ: ಷರತ್ತು ಮುರಿದಿದ್ದಾನೆ ಅಂತ ಹಿಡಿದ ಮೇಲೆ ಏನಪ್ಪಾ ಆಯ್ತು ಅಂತ ಒಬ್ಬ ಜಡ್ಜ್ ಅವನನ್ನ ಕೇಳೋದಕ್ಕೆ ಎಷ್ಟು ದಿನ ಹಿಡಿಯುತ್ತೆ? ಆಫೀಸರ್ ಒಂದು ಕಾಗದ ಹಾಕಿದ್ರೆ ಸಾಕು, ಅದಕ್ಕೆ ಡಿಟೇನರ್ ಅಂತಾರೆ, ಜಾಮೀನೂ ಇಲ್ದೆ ವಿಚಾರಣೆ ತಾರೀಕು ಬರೋವರೆಗೆ ಒಳಗೇ. ಲೆಕ್ಕಕ್ಕೆ ಅಂತ ಹೇಳ್ತೀನಿ, 40 ದಿನ ಕಾಯಿಸಿ ಆಮೇಲೆ ನಿನಗೆ 14 ದಿನಕ್ಕಿಂತ ಜಾಸ್ತಿ ಹಾಕಂಗಿಲ್ಲಪ್ಪ ಹೋಗು ಅಂದ್ರೆ ಅವನ ಕೆಲಸ ಇರುತ್ತಾ, ಬಾಡಿಗೆ ಮನೆ ಇರುತ್ತಾ? ಈ ಗಂಟಿಗೆ ಸರಿಯಾಗಿ ಕೈ ಹಾಕಿದ್ದು ನ್ಯೂಯಾರ್ಕು, ಅದೂ ಪೆರೋಲಿನ ವಿಷಯದಲ್ಲಿ, ಲೆಸ್ ಈಸ್ ಮೋರ್ ಆಕ್ಟ್ ಅಂತ. 2021ರ ಸೆಪ್ಟೆಂಬರ್ 17ಕ್ಕೆ ಗವರ್ನರ್ ಕ್ಯಾಥಿ ಹೋಕಲ್ ಸಹಿ ಹಾಕಿದ ದಿನವೇ ರೈಕರ್ಸ್ ದ್ವೀಪದ ಜೈಲಿಂದ 191 ಜನರನ್ನ ಬಿಡ್ತೀವಿ ಅಂದ್ರು. ಆ ಕಾನೂನಲ್ಲಿ ವಾರಂಟ್ ಮೇಲೆ ಹಿಡಿದ 24 ಗಂಟೆಯೊಳಗೆ ಕೋರ್ಟಿನ ಮುಂದೆ ತರಬೇಕು, ವಿಚಾರಣೆವರೆಗೆ ಇವನನ್ನ ಹೊರಗೆ ಬಿಡಬಹುದಾ ಅಂತ ಅಲ್ಲೇ ತೀರ್ಮಾನ ಆಗಬೇಕು. ಮುಂಚೆ ಆ ಪ್ರಶ್ನೆಯೇ ಇರಲಿಲ್ಲ, ಒಳಗೇ ಇರು ಅಷ್ಟೇ. ಪೆರೋಲಿನೋರಿಗೆ ಕೊಟ್ಟ ಈ 24 ಗಂಟೆನ ಪ್ರೊಬೇಷನ್‌ನೋರಿಗೂ ಯಾಕೆ ಕೊಡಬಾರದು ಅಂತ ವಾದ ಕಟ್ಟು. ಎದುರು ಪಾರ್ಟಿ ತಯಾರಿ ಮಾಡ್ಕೊಂಡು ಬಂದಿರಲ್ಲ.

ಪ್ರಶ್ನೆ: ನಾನು 34 ವರ್ಷ ಮಾಸ್ತರಿಕೆ ಮಾಡಿದವ. ಹೋಮ್‌ವರ್ಕ್ ತರದವನನ್ನು ಒಂದು ದಿನ ಸುಮ್ಮನೆ ಬಿಟ್ಟರೆ ಮರುದಿನ ಅರ್ಧ ಕ್ಲಾಸು ತರೂದಿಲ್ಲ. ಷರತ್ತು ಒಪ್ಪಿಯೇ ಹೊರಗೆ ಬಂದಿದ್ದಲ್ಲವೋ? ಮುರಿದರೆ ಒಳಗೆ ಹಾಕಿ. ಈ ಸುಧಾರಣೆ ಗಿಧಾರಣೆ ಎಲ್ಲ ತಲೆ ಮೇಲೆ ಕೂರಿಸುವ ಕೆಲಸ. – ನಿವೃತ್ತ ಶಿಕ್ಷಕರು, ಶಿರಸಿ

ಉತ್ತರ: ಮೇಷ್ಟ್ರೇ, ನಿಮ್ಮ ಹಾಗೇ ಯೋಚನೆ ಮಾಡಿದ ಜಡ್ಜ್ ಒಬ್ಬರಿದ್ರು, ಹವಾಯಿ ದ್ವೀಪದಲ್ಲಿ, ಸ್ಟೀವನ್ ಆಲ್ಮ್ ಅಂತ. ಅವರು ಕಂಡಿದ್ದು ಏನಂದ್ರೆ, ಒಬ್ಬ ಹತ್ತು ಸಲ ತಪ್ಪಿದ್ರೂ ಆಫೀಸರ್‌ಗಳು ಹೋಗ್ಲಿ ಬಿಡು ಅಂತಾರೆ, ಹನ್ನೊಂದನೇ ಸಲಕ್ಕೆ ತಾಳ್ಮೆ ಕೆಟ್ಟು ರಿಪೋರ್ಟ್ ಹಾಕ್ತಾರೆ, ಜಡ್ಜ್ ವರ್ಷಗಟ್ಟಲೆ ಜೈಲಿಗೆ ತಳ್ತಾರೆ. ಹತ್ತು ದಿನ ಹೋಮ್‌ವರ್ಕ್ ಕೇಳದೇ ಇದ್ದು ಹನ್ನೊಂದನೇ ದಿನ ಟಿಸಿ ಕೊಟ್ಟ ಹಾಗೆ. ನೀವು ಹಂಗೆ ಮಾಡ್ತಿರ್ಲಿಲ್ಲ ಅಲ್ವಾ?

ಹಾಗಾಗಿ 2004ರಲ್ಲಿ ಹೊನೊಲುಲುವಿನಲ್ಲಿ 34 ಜನರನ್ನ ಇಟ್ಕೊಂಡು ಹೋಪ್ ಅಂತ ಶುರು ಮಾಡಿದ್ರು. ಒಬ್ಬೊಬ್ಬರಿಗೂ ಒಂದು ಬಣ್ಣ ಗೊತ್ತುಮಾಡಿರ್ತಾರೆ, ದಿನಾ ಬೆಳಿಗ್ಗೆ ಒಂದು ನಂಬರಿಗೆ ಫೋನ್ ಮಾಡಬೇಕು, ಅವತ್ತು ನಿನ್ನ ಬಣ್ಣದ ಹೆಸರು ಹೇಳಿದ್ರೆ ಬಂದು ಡ್ರಗ್ ಟೆಸ್ಟ್ ಕೊಡಬೇಕು. ತಪ್ಪಿದ್ರೆ ತಕ್ಷಣ ಅರೆಸ್ಟ್, ಎರಡು ಮೂರು ದಿನದಲ್ಲೇ ಜಡ್ಜ್ ಮುಂದೆ, ಕೆಲವೇ ದಿನದ ಜೈಲು, ಮತ್ತೆ ವಾಪಸ್ ಪ್ರೊಬೇಷನ್. 2009ರಲ್ಲಿ ಇದರ ಮೌಲ್ಯಮಾಪನ ಬಂತು, ಹೋಪ್‌ನಲ್ಲಿದ್ದೋರು ಹೊಸ ಕೇಸಲ್ಲಿ ಅರೆಸ್ಟ್ ಆಗೋದು ಬೇರೆಯೋರಿಗಿಂತ 100ಕ್ಕೆ 55ರಷ್ಟು ಕಮ್ಮಿ ಅಂತ. ದೇಶವೆಲ್ಲಾ ಹವಾಯಿ ಹವಾಯಿ ಅಂತು.

ಆಮೇಲಿನ ಕತೆ ಅಷ್ಟು ಸಿಹಿ ಇಲ್ಲ. ಅರ್ಕಾನ್ಸಾ, ಮ್ಯಾಸಚೂಸೆಟ್ಸ್, ಆರೆಗನ್, ಟೆಕ್ಸಾಸ್ ನಾಲ್ಕೂ ಕಡೆ ಅದನ್ನೇ ಮಾಡಿ 2016ರಲ್ಲಿ ಫಲಿತಾಂಶ ನೋಡಿದ್ರೆ ಮತ್ತೆ ಅಪರಾಧ ಮಾಡೋದ್ರಲ್ಲಿ ಒಟ್ಟಾರೆ ಮಾಮೂಲಿ ಪ್ರೊಬೇಷನ್ನಿಗೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಹವಾಯಿಯಲ್ಲಿ ಕೆಲಸ ಮಾಡಿದ್ದು ಪದ್ಧತಿನೋ ಇಲ್ಲಾ ಆಲ್ಮ್ ಅನ್ನೋ ಮನುಷ್ಯನೋ ಅಂತ ಈಗಲೂ ಜಗಳ ಇದೆ. ನಿಮಗೆ ಗೊತ್ತಿರುತ್ತೆ, ಕೆಲವು ಮಾಸ್ತರು ಕ್ಲಾಸಿಗೆ ಬಂದ್ರೆ ಸಾಕು ಹುಡುಗರು ಸುಮ್ಮನಾಗ್ತಾರೆ, ಅದೇ ಬೆತ್ತ ಇನ್ನೊಬ್ಬರ ಕೈಗೆ ಕೊಟ್ರೆ ಬರೀ ಕೋಲು.

ನೀವು ಹೇಳಿದ್ರಲ್ಲಿ ನಿಜ ಇದೆ, ತಪ್ಪಿದಾಗ ಏನೂ ಆಗದೇ ಇರಬಾರದು, ಆಗೋದು ಬೇಗ ಆಗಬೇಕು. ಆದ್ರೆ ಆ ಆಗೋದು ಜೈಲೇ ಆಗಬೇಕಾ? ವಾರಕ್ಕೊಂದು ಹಾಜರಿನ ಎರಡು ಮಾಡಿ, ರಾತ್ರಿ ಹೊರಗೆ ಹೋಗೋದು ನಿಲ್ಲಿಸಿ, ಕುಡಿತ ಬಿಡಿಸೋ ಕಡೆ ಸೇರಿಸಿ, ಜಡ್ಜ್ ಎದುರು ನಿಲ್ಲಿಸಿ ಎಲ್ಲರ ಮುಂದೆ ಬೈರಿ. ಇನ್ನೊಂದು ಕಡೆ ಸರಿಯಾಗಿ ಇರೋನಿಗೆ ಏನು ಕೊಡ್ತೀರಿ? ಮಿಸೌರಿಯಲ್ಲಿ 2012ರಲ್ಲಿ ಕಾನೂನು ಮಾಡಿದ್ರು, ಒಂದು ತಿಂಗಳು ಯಾವ ಷರತ್ತೂ ತಪ್ಪದೇ ಇದ್ರೆ ಕೊನೆಯಲ್ಲಿ 30 ದಿನ ಕಟ್. ಮೊದಲ ಮೂರು ವರ್ಷದಲ್ಲಿ 36 ಸಾವಿರಕ್ಕೂ ಹೆಚ್ಚು ಜನ ಹೀಗೆ ಸರಾಸರಿ 14 ತಿಂಗಳು ಕಮ್ಮಿ ಮಾಡ್ಕೊಂಡ್ರು. ಹೋಮ್‌ವರ್ಕ್ ತಂದೋನ ಪುಸ್ತಕದಲ್ಲಿ ನೀವೂ ಒಂದು ಗುಡ್ ಬರೀತಿರ್ಲಿಲ್ವಾ ಮೇಷ್ಟ್ರೇ.

ಪ್ರಶ್ನೆ: ಅಮೆರಿಕದಲ್ಲಿ ಪ್ರೊಬೇಷನ್ನಿಗೆ ಆಫೀಸಿನವರಿಗೆ ತಿಂಗಳು ತಿಂಗಳು ಫೀಸು ಕಟ್ಟಬೇಕಂತೆ, ನಿಜವಾ ಮಾರಾಯ್ರೇ? ಕಟ್ಟಲಿಕ್ಕೆ ಇಲ್ಲದವ ಏನು ಮಾಡುವುದು? – ಓದುಗರು, ಪುತ್ತೂರು

ಉತ್ತರ: ತುಂಬಾ ರಾಜ್ಯಗಳಲ್ಲಿ ನಿಜ ಮಾರಾಯ್ರೇ, ಜಾರ್ಜಿಯಾದಂಥ ಕಡೆ ಸಣ್ಣ ಕೇಸುಗಳನ್ನ ನೋಡ್ಕೊಳ್ಳೋದೇ ಪ್ರೈವೇಟ್ ಕಂಪನಿಗಳು, ಅವರ ಆದಾಯವೇ ಆ ಫೀಸು. ಆ ಜಾರ್ಜಿಯಾದಿಂದಲೇ ಹೋದ ಒಂದು ಕೇಸು ನೆನಪಿಡೋಂಥದ್ದು, ಬೇರ್ಡನ್ ವರ್ಸಸ್ ಜಾರ್ಜಿಯಾ, 1983. ಒಂಬತ್ತನೇ ಕ್ಲಾಸಿನವರೆಗೆ ಹೋಗಿದ್ರೂ ಓದೋಕೆ ಬರದ ಮನುಷ್ಯ, ದಂಡ ಮತ್ತೆ ಪರಿಹಾರ ಸೇರಿ 750 ಡಾಲರ್ ಕಟ್ಟು ಅಂದಿದ್ರು, ಅಪ್ಪ ಅಮ್ಮನ ಹತ್ರ ಸಾಲ ತಗೊಂಡು 200 ಕಟ್ಟಿದ, ಅಷ್ಟರಲ್ಲಿ ಕೆಲಸ ಹೋಯ್ತು. ಬಾಕಿ ಕಟ್ಟೋಕೆ ಲೇಟಾಗುತ್ತೆ ಅಂತ ಅವನೇ ಮುಂಚಿತವಾಗಿ ಪ್ರೊಬೇಷನ್ ಆಫೀಸಿಗೆ ತಿಳಿಸಿದ್ದ, ಆದ್ರೂ ಜೈಲು. ದುಡ್ಡಿದ್ದೂ ಕಟ್ಟದೋನಾ, ಇಲ್ದೆ ಕಟ್ಟದೋನಾ ಅಂತ ವಿಚಾರಿಸದೆ ಒಳಗೆ ಹಾಕಂಗಿಲ್ಲ ಅಂತ ಸುಪ್ರೀಂ ಕೋರ್ಟು ಅಂತು. ಹೇಳಿ ನಾಲ್ಕು ದಶಕ ದಾಟಿದೆ, ಕೆಳಗಿನ ಕೋರ್ಟಲ್ಲಿ ಒಂದು ಬೆಳಿಗ್ಗೆ ಐವತ್ತು ಕೇಸು ಕೂಗೋವಾಗ ಇದನ್ನ ಎಷ್ಟು ಜಡ್ಜ್‌ಗಳು ಕೇಳ್ತಾರೋ. ಕೇಳದಿದ್ರೆ ಇಲ್ಲದವ ತಾನೇ ಬಾಯಿ ಬಿಟ್ಟು ನನ್ನತ್ರ ಇಲ್ಲ ಸ್ವಾಮಿ, ಇಗೋ ಕೆಲಸ ಹೋದ ಕಾಗದ ಅಂತ ತೋರಿಸಬೇಕು.

ಪ್ರಶ್ನೆ: ಸರ್, ನಾನು ಕಲಬುರಗಿಯಾಗ ಜೂನಿಯರ್ ವಕೀಲ ಇದ್ದೀನ್ರಿ. ನಮ್ಮ ಪಾರ್ಟಿ 22 ವರ್ಷದ ಹುಡುಗ, ಕಳವು ಕೇಸಿನಾಗ ಎರಡು ವರ್ಷದ ಬಾಂಡ್ ಮ್ಯಾಲ ಬಿಟ್ಟಿದ್ರು, ತಿಂಗಳಿಗೊಮ್ಮೆ ಪ್ರೊಬೇಷನ್ ಆಫೀಸರ್ ಹತ್ರ ಹೋಗಬೇಕಿತ್ತು. ಹೊಟ್ಟಿಪಾಡಿಗೆ ಬೆಂಗಳೂರಿಗೆ ಡೆಲಿವರಿ ಕೆಲಸಕ್ಕ ಹೋಗಿ ಮೂರು ತಿಂಗಳು ಹೋಗಿಲ್ಲ. ಈಗ ಕೋರ್ಟ್ ಸಮನ್ಸ್ ಬಂದದ. ಈ ಅಮೆರಿಕದ ಹೊಸ ಕಾನೂನು ತೋರಿಸಿ ವಾದ ಮಾಡಬಹುದೇನ್ರಿ? – ವಕೀಲರು, ಕಲಬುರಗಿ

ಉತ್ತರ: ಅಮೆರಿಕದವರೆಗೆ ಯಾಕೆ ಹೋಗ್ತೀರಿ, ನಿಮ್ಮ ಟೇಬಲ್ ಮೇಲಿರೋ ಬೇರ್ ಆಕ್ಟ್ ತೆಗೀರಿ. 1958ರ ಪ್ರೊಬೇಷನ್ ಆಫ್ ಅಫೆಂಡರ್ಸ್ ಆಕ್ಟ್, 9ನೇ ಸೆಕ್ಷನ್. ಷರತ್ತು ಮುರಿದಿದ್ದಾನೆ ಅಂತ ಕೋರ್ಟಿಗೆ ಅನ್ನಿಸಿದ್ರೆ ವಾರಂಟ್ ಕೊಡಬಹುದು ಇಲ್ಲಾ ಸಮನ್ಸ್ ಕೊಡಬಹುದು, ನಿಮಗೆ ಸಮನ್ಸ್ ಬಂದಿದೆ ಅಂದ್ರೆ ಜಡ್ಜ್ ಆಗಲೇ ಮೃದು ಇದ್ದಾರೆ. ವಿಚಾರಣೆ ಆದಮೇಲೆ ಕೋರ್ಟಿನ ಮುಂದೆ ಎರಡು ದಾರಿ. ಒಂದು, ಮೂಲ ಅಪರಾಧಕ್ಕೆ ಶಿಕ್ಷೆ ಕೊಡೋದು. ಇನ್ನೊಂದು ಮೂರನೇ ಉಪ ಸೆಕ್ಷನ್‌ನ ಬಿ, ಮೊದಲನೇ ಸಲ ತಪ್ಪಿದೋನಾದ್ರೆ ಬಾಂಡ್ ಹಂಗೇ ಮುಂದುವರಿಸಿ 50 ರೂಪಾಯಿ ಮೀರದ ದಂಡ. ಐವತ್ತೇ ರೂಪಾಯಿ ರೀ! 1958ರಿಂದ ಆ ಐವತ್ತು ಐವತ್ತಾಗೇ ಕೂತಿದೆ, ಈಗ ಅದರಲ್ಲಿ ಕೋರ್ಟಿನ ಕ್ಯಾಂಟೀನಲ್ಲಿ ಎರಡು ತಟ್ಟೆ ಉಪ್ಪಿಟ್ಟು ಬರೋದೂ ಅನುಮಾನ. ಅಮೆರಿಕದ ರಾಜ್ಯಗಳು ಈಗೀಗ ತಲೆ ಕೆಡಿಸ್ಕೊಂಡು ಮಾಡ್ತಿರೋ ಮೊದಲನೇ ಸಲ ಸಣ್ಣದು ಅನ್ನೋ ಲೆಕ್ಕ ನಮ್ಮ ಕಾನೂನಲ್ಲಿ ಅವತ್ತೇ ಇತ್ತು. ದಂಡ ಮಾತ್ರ ಹೇಳಿದ ದಿನದೊಳಗೆ ಕಟ್ಟಿಸಿಬಿಡಿ, ಕಟ್ಟದಿದ್ರೆ ಮೂಲ ಅಪರಾಧದ ಶಿಕ್ಷೆ ಕೊಡಬಹುದು ಅಂತ ನಾಲ್ಕನೇ ಉಪ ಸೆಕ್ಷನ್ ಹೇಳುತ್ತೆ, ಐವತ್ತು ರೂಪಾಯಿ ಮರೆತು ಹುಡುಗ ಒಳಗೆ ಹೋದ ಅಂತಾಗಬಾರದು.

ಹಂಗಂತ ನಾವು ಅವರಿಗಿಂತ ಮೇಲು ಅಂತ ಎದೆ ತಟ್ಟಿಕೊಳ್ಳೋ ಹಾಗೂ ಇಲ್ಲ. ಅಲ್ಲಿ ಪ್ರೊಬೇಷನ್ ಜಾಸ್ತಿಯಾಗಿ ಸಮಸ್ಯೆ, ಇಲ್ಲಿ ನಾವು ಕೇಳೋದೇ ಕಮ್ಮಿ. ಶಿಕ್ಷೆ ಬಗ್ಗೆ ಏನಾದ್ರೂ ಹೇಳೋದಿದೆಯಾ ಅಂತ ಜಡ್ಜ್ ಕೇಳಿದಾಗ ಬಡವ ಸ್ವಾಮಿ, ಕಮ್ಮಿ ಹಾಕಿ ಅಂತ ಒಂದು ಸಾಲು ಹೇಳಿ ಕೂತುಬಿಡ್ತೀವಿ, ನಾನೂ ಶುರುವಿನಲ್ಲಿ ಹಂಗೇ ಮಾಡಿದೋನೇ. ವಕೀಲರು ಕೇಳದಿದ್ರೂ ಕೋರ್ಟೇ ಈ ಕಾನೂನನ್ನ ನೆನಪು ಮಾಡ್ಕೋಬೇಕು ಅನ್ನೋ ಅರ್ಥದಲ್ಲಿ ಸುಪ್ರೀಂ ಕೋರ್ಟು 1981ರಲ್ಲಿ ವೇದ್ ಪ್ರಕಾಶ್ ಕೇಸಲ್ಲಿ ಹೇಳಿದೆ, ಅದರ ಪ್ರತಿ ಒಂದು ಜೊತೆಗಿಟ್ಟುಕೊಳ್ಳಿ.

ಇನ್ನು ಹುಡುಗನ ವಿಷಯ. ಬರೀ ದಂಡ ಕಟ್ಟಿ ಬಂದ್ರೆ ಮುಂದಿನ ತಿಂಗಳು ಮತ್ತೆ ಅದೇ ಕತೆ, ಅವನು ಬೆಂಗಳೂರಲ್ಲಿ, ಆಫೀಸರ್ ಕಲಬುರಗಿಯಲ್ಲಿ, ರೈಲು ಚಾರ್ಜಿಗೆ ಒಂದು ದಿನದ ದುಡಿಮೆ ಹೋಗುತ್ತೆ. ಎರಡನೇ ಸಲಕ್ಕೆ ಐವತ್ತು ರೂಪಾಯಿ ದಾರಿ ಇಲ್ಲ. ಅದಕ್ಕೇ ತಾರೀಕಿಗೆ ಮುಂಚೆನೇ ಹುಡುಗನ್ನ ಕರ್ಕೊಂಡು ಪ್ರೊಬೇಷನ್ ಆಫೀಸರ್ ಹತ್ರ ಹೋಗಿ, ಕಂಪನಿ ಐಡಿ, ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು, ಬಾಡಿಗೆ ರೂಮಿನ ಓನರ್ ಕಾಗದ ತೋರಿಸಿ. ಷರತ್ತು ಬದಲಾಯಿಸೋಕೆ 8ನೇ ಸೆಕ್ಷನ್ ಇದೆ, ಆದ್ರೆ ಅರ್ಜಿ ಹಾಕಬೇಕಾದೋರು ಆಫೀಸರ್, ನೀವಲ್ಲ, ಅದಕ್ಕೇ ಅವರನ್ನ ಒಲಿಸ್ಕೋಬೇಕು ಅಂದಿದ್ದು. ನಡತೆ ಚೆನ್ನಾಗಿದೆ, ಇನ್ನು ಉಸ್ತುವಾರಿ ಬೇಕಿಲ್ಲ ಅಂತ ಅವರೇ ಕೇಳಿದ್ರೆ ಬಾಂಡನ್ನೇ ಮುಗಿಸೋ ಅಧಿಕಾರನೂ ಅದೇ ಸೆಕ್ಷನ್ನಲ್ಲಿ ಕೋರ್ಟಿಗಿದೆ, ಆದ್ರೆ ಮೂರು ತಿಂಗಳು ನಾಪತ್ತೆ ಆಗಿ ಬಂದೋನಿಗೆ ಈಗಲೇ ಅದನ್ನ ಕೇಳೋಕೆ ಹೋಗ್ಬೇಡಿ. ಈಗ ಹಾಜರಿ ಜಾಗ ಬದಲಾಗಲಿ. ಆರು ತಿಂಗಳು ತಪ್ಪದೆ ಹೋಗಲಿ. ಆಮೇಲೆ ನನಗೊಂದು ಕಾಗದ ಹಾಕಿ, ಅರ್ಜಿ ಹೆಂಗೆ ಬರೀಬೇಕು ಅಂತ ಹೇಳ್ತೀನಿ.